ಎಡಗಡೆಯ ಕಟಕಟ: ಹಳೆಯ ಪದ್ಮಿನಿಯ ಮುಂಭಾಗವನ್ನು ಅಂಗಳದಲ್ಲಿ ಬಿಚ್ಚುವ ಮುನ್ನ

ಉಡುಪಿ ಹತ್ತಿರದ ಕಟಪಾಡಿಯ ಬಳಿ ರಸ್ತೆ ಉಬ್ಬನ್ನು ಹತ್ತುವಾಗ ಸದ್ದಿಲ್ಲ. ಇಳಿಯುವಾಗ ಎಡಗಡೆಯ ಮುಂಚಕ್ರದ ಬಳಿ ‘ಕಟಕ್’ ಎಂದು ಒಂದೇ ಸದ್ದು, ಅಡಕತ್ತರಿಯಲ್ಲಿ ಒಣ ಅಡಿಕೆ ಸೀಳಿದ ಹಾಗೆ. ಸಣ್ಣ ಹೊಂಡಗಳ ಸಾಲು ಬಂದರೆ ಸೀಳುವ ಕೆಲಸ ಬೇಗ ಬೇಗ ಸಾಗುತ್ತದೆ. ಅಂಗಳದಲ್ಲಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಹಳೆಯ ಬಾಗಿಲಿನ ತಿರುಗಣಿಯಂಥ ಕಿರುಗುಟ್ಟುವಿಕೆ.

ಕಾರು 1985ರ ಪ್ರೀಮಿಯರ್ ಪದ್ಮಿನಿ. ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಸೋದರಮಾವ ಊರಿಗೆ ಮರಳುವಾಗ ಓಡಿಸಿಕೊಂಡೇ ಬಂದದ್ದು. ಎರಡು ವರ್ಷಗಳಲ್ಲಿ ಈ ಒಂದು ಸದ್ದಿಗಾಗಿ ಎರಡು ಜೊತೆ ಶಾಕ್ ಅಬ್ಸಾರ್ಬರ್, ಒಂದು ಜೊತೆ ಟೈ ರಾಡ್ ಎಂಡ್ (ಸ್ಟೇರಿಂಗಿನ ಸರಳನ್ನು ಚಕ್ರಕ್ಕೆ ಕೂಡಿಸುವ ಕೀಲು) ಬದಲಾದವು. ಸದ್ದು ಮಾತ್ರ ಬದಲಾಗಲಿಲ್ಲ. ಗ್ಯಾರೇಜಿನವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಅವರಿಗೆ ಸದ್ದು ಕೇಳಲು ಪುರುಸೊತ್ತಿಲ್ಲ, ನನಗೆ ಕೇಳಿಸುವ ಬಗೆ ಗೊತ್ತಿರಲಿಲ್ಲ. ಕಳೆದ ಆಟಿ ತಿಂಗಳಲ್ಲಿ ಮಳೆ ಹಿಡಿದು ಎಲ್ಲಿಗೂ ಹೋಗಲಾಗದೆ ಕುಳಿತಿದ್ದಾಗ ತಗಡಿನ ಚಪ್ಪರದಡಿಯಲ್ಲಿ ನಾನೇ ಬಿಚ್ಚಿದೆ. ದೋಷದ ಬೇರು ಇದ್ದದ್ದು ಕೀಲಿನೊಳಗೆ ಗ್ರೀಸ್ ತುಂಬುವ, ಕಿರುಬೆರಳಿನ ಉಗುರಿನಷ್ಟಿರುವ ಒಂದು ಗ್ರೀಸ್ ನಿಪ್ಪಲ್‌ನಲ್ಲಿ.

ಈ ಬರಹದ ಅರ್ಧ ಭಾಗ ಬಿಚ್ಚದೇ ಇರುವುದರ ಬಗ್ಗೆ ಇದೆ. ಅದಕ್ಕೆ ಕಾರಣವೂ ಆ ನಿಪ್ಪಲ್ಲೇ.

ಸದ್ದು ಯಾವಾಗ ಬರುತ್ತದೆ

ಮೊದಲು ಕಾರಿನ ಮುಂಭಾಗದ ಚಿತ್ರ ಮನಸ್ಸಿನಲ್ಲಿರಲಿ. ಪದ್ಮಿನಿ ಎಂದರೆ ಇಟಲಿಯ ಫಿಯೆಟ್ 1100 ಡಿ ಕಾರೇ, ಮುಂಬಯಿಯ ಕುರ್ಲಾದಲ್ಲಿ ತಯಾರಾದದ್ದು. ಮುಂದಿನ ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ಕವಲು ತೋಳು. ಮೆಕ್ಯಾನಿಕ್‌ಗಳು ಮೇಲಿನ ಆರ್ಮ್, ಕೆಳಗಿನ ಆರ್ಮ್ ಎನ್ನುತ್ತಾರೆ. ಭಾರ ಹೊರಲು ಕಾಯಿಲ್ ಸ್ಪ್ರಿಂಗ್, ಕುಣಿತ ತಡೆಯಲು ಶಾಕ್ ಅಬ್ಸಾರ್ಬರ್. ಎರಡು ಆರ್ಮ್‌ಗಳ ಹೊರತುದಿಯ ನಡುವೆ ನೆಟ್ಟಗೆ ಒಂದು ಉಕ್ಕಿನ ತುಂಡು ನಿಂತಿರುತ್ತದೆ. ಅದಕ್ಕೆ ಕಿಂಗ್‌ಪಿನ್ ಎಂಬ ದಪ್ಪ ಸರಳಿನ ಮೂಲಕ ಚಕ್ರದ ಸ್ಟಬ್ ಆಕ್ಸಲ್, ಅಂದರೆ ಚಕ್ರ ಸುತ್ತುವ ಗಿಡ್ಡ ಅಚ್ಚು, ಜೋಡಣೆಯಾಗಿದೆ. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವುದು ಈ ಕಿಂಗ್‌ಪಿನ್ನಿನ ಸುತ್ತ, ಬಾಗಿಲು ತಿರುಗಣಿಯ ಸುತ್ತ ಹೊರಳುವ ಹಾಗೆ. ಇಂದಿನ ಕಾರುಗಳಲ್ಲಿ ಈ ಜಾಗದಲ್ಲಿ ಬಾಲ್ ಜಾಯಿಂಟ್ ಇರುತ್ತದೆ. ಕೆಟ್ಟರೆ ಎಸೆದು ಹೊಸದು ಹಾಕುತ್ತಾರೆ. ಕಿಂಗ್‌ಪಿನ್ ಹಾಗಲ್ಲ. ಅದು ಗ್ರೀಸ್ ಕೇಳುತ್ತದೆ, ಕೊಟ್ಟರೆ ಬಹಳ ಕಾಲ ಬಾಳುತ್ತದೆ.

ಹೊಂಡದಲ್ಲಿ ಇಳಿದ ಮೇಲೂ ಕಾರಿನ ಮೂತಿ ದೋಣಿಯಂತೆ ತೂಗುತ್ತಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಎಂದು ತಿಳಿಯಬಹುದು. ಮಡ್‌ಗಾರ್ಡಿನ ಮೇಲೆ ಎರಡೂ ಕೈಯಿಟ್ಟು ಜೋರಾಗಿ ಅದುಮಿ ಬಿಡಿ. ಒಮ್ಮೆ ಮೇಲೆದ್ದು ತನ್ನ ಮಟ್ಟಕ್ಕೆ ಬಂದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಇಲ್ಲ. ನನ್ನ ಕಾರು ಈ ಪರೀಕ್ಷೆಯಲ್ಲಿ ಮೊದಲಿನಿಂದಲೂ ಪಾಸಾಗುತ್ತಿತ್ತು. ಆದರೂ ಎರಡು ಜೊತೆ ಶಾಕ್ ಬದಲಾದವು ಎಂಬುದನ್ನು ಇಲ್ಲಿ ನೆನಪಿಡಬೇಕು.

ಬ್ರೇಕ್ ಒತ್ತಿದ ಕ್ಷಣ ಮಾತ್ರ ‘ಧಡ್’ ಎಂದರೆ ಆರ್ಮ್‌ನ ಒಳತುದಿಯ ಕೀಲಿನ ತೂತಿನಲ್ಲಿ ಕೊಳವೆಯಂತೆ ಕೂರುವ ರಬ್ಬರ್ ಬುಶ್‌ಗಳನ್ನು ಅನುಮಾನಿಸಿ. ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಮೊದಲು ಚಕ್ರದ ಬ್ಯಾಲೆನ್ಸ್ ನೋಡಿಸಿ, ಸ್ಪ್ಯಾನರ್ ಆಮೇಲೆ ಹಿಡಿಯಿರಿ.

ಕಿರುಗುಟ್ಟುವಿಕೆಗೆ ನಮ್ಮ ಕರಾವಳಿಯಲ್ಲಿ ಒಂದು ಪುಕ್ಕಟೆ ಪರೀಕ್ಷೆಯಿದೆ, ಮಳೆ. ಜೋರು ಮಳೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿದಾಗ ಸದ್ದು ಮಾಯವಾಗಿ, ಬಿಸಿಲು ಬಂದ ದಿನ ಮತ್ತೆ ಹಾಜರಾದರೆ ಅದು ಬಹುಮಟ್ಟಿಗೆ ಒಣಗಿದ ರಬ್ಬರಿನ ಸದ್ದು. ಬೇಸಿಗೆಯಾಗಿದ್ದರೆ ಸಾಬೂನು ನೀರನ್ನು ಒಂದೊಂದೇ ಬುಶ್‌ಗೆ ಎರೆದು, ಪ್ರತಿ ಸಲ ಮಡ್‌ಗಾರ್ಡ್ ಅದುಮಿ ಕೇಳಬೇಕು. ಎಣ್ಣೆ ಮಾತ್ರ ಬೇಡ, ಅದು ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ನನ್ನ ಕಾರು ಮೂರು ದಿನದ ಎಡೆಬಿಡದ ಮಳೆಯಲ್ಲಿ ನೆನೆದರೂ ಕಿರುಗುಟ್ಟಿತು. ಅಂದರೆ ರಬ್ಬರ್ ಅಲ್ಲ. ಲೋಹಕ್ಕೆ ಲೋಹ ತಾಗುತ್ತಿದೆ.

ಜಾಕಿ ಹಾಕಿ, ಭಾವನನ್ನು ಕೂರಿಸಿ

ಜಾಕಿಯನ್ನು ಚಾಸಿಸ್‌ಗೆ ಕೊಡಬೇಡಿ. ಕೆಳಗಿನ ಆರ್ಮ್ ಅಡಿಗೆ, ಚಕ್ರಕ್ಕೆ ಆದಷ್ಟು ಹತ್ತಿರ ಕೊಡಿ. ಚಾಸಿಸ್ ಎತ್ತಿದರೆ ಸ್ಪ್ರಿಂಗ್ ಆರ್ಮನ್ನು ಕೆಳಗೆ ತಳ್ಳಿ ಎಲ್ಲ ಕೀಲುಗಳನ್ನೂ ಬಿಗಿದು ಹಿಡಿಯುತ್ತದೆ, ಸವೆದ ಕೀಲೂ ಗಟ್ಟಿಯಾಗಿರುವಂತೆ ಕಾಣುತ್ತದೆ. ಟೈರು ನೆಲದಿಂದ ಎರಡು ಬೆರಳು ಮೇಲೆದ್ದರೆ ಸಾಕು.

ಈಗ ಚಕ್ರವನ್ನು ಗಡಿಯಾರದ ಮುಖವೆಂದು ಭಾವಿಸಿ. ಒಂದು ಕೈ ಹನ್ನೆರಡರಲ್ಲಿ, ಇನ್ನೊಂದು ಆರರಲ್ಲಿ. ಮೇಲಿನ ಕೈಯಿಂದ ಎಳೆಯುವಾಗ ಕೆಳಗಿನ ಕೈ ತಳ್ಳಲಿ. ಅಲುಗಾಟ, ಮೆಕ್ಯಾನಿಕ್ ಭಾಷೆಯಲ್ಲಿ ‘ಪ್ಲೇ’, ಇದ್ದರೆ ಕೈಗೆ ತಿಳಿಯುತ್ತದೆ. ಆದರೆ ಅದು ಚಕ್ರದ ಬೇರಿಂಗಿನದೋ ಕಿಂಗ್‌ಪಿನ್ನಿನದೋ ಎಂಬುದು ತಿಳಿಯುವುದಿಲ್ಲ. ಇದನ್ನು ಬಿಡಿಸಲು ಇನ್ನೊಬ್ಬರು ಬೇಕು. ನನ್ನ ಭಾವ ಜಗಲಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು.

“ಭಾವ, ಒಂದು ನಿಮಿಷ ಬ್ರೇಕ್ ಒತ್ತಿ ಹಿಡಿಯಿರಿ.”

“ಒತ್ತಿದೆ ಮಾರಾಯ. ಬೇಗ ನೋಡು, ಚಹಾ ತಣಿಯುತ್ತದೆ.”

ಬ್ರೇಕ್ ಒತ್ತಿದಾಗ ಲೈನರ್‌ಗಳು ಡ್ರಮ್ಮನ್ನು ಕಚ್ಚಿ ಹಿಡಿಯುತ್ತವೆ. ಡ್ರಮ್ಮು, ಬ್ರೇಕ್ ತಟ್ಟೆ, ಸ್ಟಬ್ ಆಕ್ಸಲ್ ಎಲ್ಲವೂ ಒಂದೇ ಗಟ್ಟಿ ತುಂಡಿನಂತಾಗುತ್ತವೆ. ನಡುವಿನ ಬೇರಿಂಗಿಗೆ ಅಲುಗಲು ಜಾಗವಿಲ್ಲ. ಹಾಗಾಗಿ ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ಬೇರಿಂಗಿನದು. ಒತ್ತಿದ ಮೇಲೂ ಉಳಿದರೆ ಅದಕ್ಕೂ ಒಳಗಿನದು, ಅಂದರೆ ಕಿಂಗ್‌ಪಿನ್ ಅಥವಾ ಆರ್ಮ್‌ನ ಹೊರತುದಿಯ ಬುಶ್. ನನ್ನದು ಉಳಿಯಿತು. ಚಕ್ರದ ಹಿಂದೆ ಟಾರ್ಚ್ ಬಿಟ್ಟು ಮತ್ತೆ ಅಲುಗಿಸಿದಾಗ ಕಣ್ಣಿಗೇ ಕಂಡಿತು: ಆರ್ಮ್‌ಗಳು ನಿಶ್ಚಲ, ನೆಟ್ಟಗಿನ ತುಂಡೂ ನಿಶ್ಚಲ, ಸ್ಟಬ್ ಆಕ್ಸಲ್ ಮಾತ್ರ ಕಿಂಗ್‌ಪಿನ್ನಿನ ಮೇಲೆ ಒಂದು ಕೂದಲೆಳೆಗಿಂತ ಹೆಚ್ಚೇ ಜಗ್ಗುತ್ತಿತ್ತು.

ಕೈಗಳನ್ನು ಒಂಬತ್ತು ಮತ್ತು ಮೂರಕ್ಕೆ ತಂದು ಅಲುಗಿಸಿದರೆ ಟೈ ರಾಡ್ ಎಂಡ್, ಐಡ್ಲರ್ ಆರ್ಮ್, ಸ್ಟೇರಿಂಗ್ ಬಾಕ್ಸ್‌ಗಳ ಜಾತಕ ಹೊರಬೀಳುತ್ತದೆ. ಅಲ್ಲಿ ತಕರಾರಿರಲಿಲ್ಲ. ಎಲ್ಲ ಸೇರಿ ಹದಿನೈದು ನಿಮಿಷದ ಕೆಲಸ. ಈ ಹದಿನೈದು ನಿಮಿಷವನ್ನು ಎರಡು ವರ್ಷ ಯಾರೂ ಕೊಡಲಿಲ್ಲ, ನಾನೂ ಸೇರಿದಂತೆ.

ಗ್ರೀಸ್ ಹಾಕಿದ್ದರಲ್ಲ?

ಹಾಕಿದ್ದರು. ಪ್ರತಿ ಸರ್ವೀಸಿನ ಬಿಲ್ಲಿನಲ್ಲೂ ಗ್ರೀಸಿಂಗ್ ಎಂದು ಬರೆದಿದೆ, ನಿಪ್ಪಲ್ ಸುತ್ತ ಹಳದಿ ಗ್ರೀಸ್ ಮುದ್ದೆಯಾಗಿ ಅಂಟಿಕೊಂಡೂ ಇತ್ತು. ಆ ಮುದ್ದೆಯೇ ಸಾಕ್ಷಿ, ಆದರೆ ತಪ್ಪಿನ ಸಾಕ್ಷಿ.

ನಾನು ಗ್ರೀಸ್ ಗನ್ ಹಚ್ಚಿ ಒತ್ತಿದೆ. ಕೈಗೆ ಬಿಗಿ ಬಂತು, ಗನ್ನಿನ ಮೂತಿಯ ಸುತ್ತಲಿನಿಂದ ಗ್ರೀಸ್ ಹೊರಗೆ ಉಕ್ಕಿತು. ನೋಡುವವರಿಗೆ ಹೊಟ್ಟೆ ತುಂಬಿ ಹೊರಚೆಲ್ಲಿದ ಹಾಗೆ. ನಿಜವಾಗಿ ಒಂದು ಕಣವೂ ಒಳಗೆ ಹೋಗಿರಲಿಲ್ಲ. ಕಿಂಗ್‌ಪಿನ್ನಿಗೆ ಗ್ರೀಸ್ ಸೇರಿತೋ ಇಲ್ಲವೋ ಎಂದು ತಿಳಿಯಲು ನಿಪ್ಪಲನ್ನು ನೋಡಬಾರದು; ಕಿಂಗ್‌ಪಿನ್ನಿನ ಮೇಲಿನ ಮತ್ತು ಕೆಳಗಿನ ಅಂಚನ್ನು ನೋಡಬೇಕು. ಮೊದಲು ಕಪ್ಪು ಗ್ರೀಸ್, ಆಮೇಲೆ ಹೊಸ ಬಣ್ಣದ ಗ್ರೀಸ್ ದಾರದಂತೆ ಅಲ್ಲಿಂದ ಹೊರಬಂದರೆ ಕೆಲಸವಾಯಿತು.

ಆ ನಿಪ್ಪಲ್ ಬಿಚ್ಚಿ ಅಂಗೈಯಲ್ಲಿಟ್ಟು ನೋಡಿದೆ. ತುದಿಯಲ್ಲಿ ಸಾಸಿವೆ ಕಾಳಿನಂಥ ಉಕ್ಕಿನ ಗುಂಡು ಇರುತ್ತದೆ, ಹಿಂದೆ ಕೂದಲಿನಂಥ ಸ್ಪ್ರಿಂಗ್. ಗುಂಡು ಒತ್ತಿದರೆ ಒಳಗೆ ಸರಿಯಬೇಕು, ಬಿಟ್ಟರೆ ಮೇಲೆ ಬರಬೇಕು. ಸೂಜಿಯಿಂದ ಒತ್ತಿದೆ, ಕದಲಲಿಲ್ಲ. ಎಂದೋ ಕಾರಿನ ಅಡಿಗೆ ತುಕ್ಕು ತಡೆಯುವ ಕಪ್ಪು ಬಣ್ಣ ಹೊಡೆಸಿದ್ದಾಗ ಅದರ ಮೇಲೂ ಒಂದು ಕೋಟು ಬಿದ್ದಿದೆ, ಕೆಳಗೆ ಉಪ್ಪುಗಾಳಿಯ ತುಕ್ಕು. ಹಿಂದಿನ ರಂಧ್ರದಲ್ಲಿದ್ದ ಹಳೆಯ ಗ್ರೀಸ್ ಮೇಣದಬತ್ತಿಯಷ್ಟು ಗಟ್ಟಿಯಾಗಿತ್ತು. ತಾಮ್ರದ ತಂತಿ ತೂರಿಸಿದಾಗ ಬಳಪದ ಚೂರಿನಂತೆ ಮುರಿದು ಬಂತು.

ನಿಮ್ಮ ಕಾರಿನಲ್ಲಿ ಸದ್ದು ಈಗಷ್ಟೇ ಶುರುವಾಗಿದ್ದು, ಚಕ್ರದ ಪ್ಲೇ ಇಲ್ಲವೆನ್ನುವಷ್ಟು ಕಡಿಮೆಯಿದ್ದರೆ ಇಲ್ಲಿಗೇ ನಿಲ್ಲಿಸಿ. ಹೊಸ ನಿಪ್ಪಲ್ ಹಾಕಿ, ಚಕ್ರವನ್ನು ನೆಲದಿಂದ ಎತ್ತಿ, ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುತ್ತ ಗ್ರೀಸ್ ತುಂಬಿ. ಚಕ್ರ ನೆಲದ ಮೇಲಿದ್ದು ಭಾರ ಹೊತ್ತಿರುವಾಗ ಒತ್ತಿದರೆ ಗ್ರೀಸ್ ಒಂದೇ ಬದಿಗೆ ಹೋಗುತ್ತದೆ. ನನ್ನ ಬಲಗಡೆಗೆ ಇಷ್ಟೇ ಸಾಕಾಯಿತು. ಎಡಗಡೆಯ ಬುಶ್ ಆಗಲೇ ತಿಂದುಹೋಗಿತ್ತು, ಬಿಚ್ಚದೆ ಗತಿಯಿರಲಿಲ್ಲ.

ಬಿಚ್ಚುವುದಕ್ಕೆ ಮೂರು ದಿನ ಮೊದಲು

ಉಡುಪಿ, ಮಂಗಳೂರಿನಲ್ಲಿ ಹಳೆಯ ಕಾರು ಬಿಚ್ಚುವವರ ನಿಜವಾದ ಜಗಳ ತುಕ್ಕಿನ ಜೊತೆ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಜೊತೆಗೆ ಯಾರಾದರೂ ಮಲ್ಪೆಯ ಮರಳಿಗೆ ಕಾರು ಇಳಿಸಿದ್ದರೆ ಕೇಳುವುದೇ ಬೇಡ. ಎಲ್ಲ ಬೋಲ್ಟುಗಳ ಎಳೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮೂರು ದಿನ. ಕೆಲಸದ ದಿನ ಹೊಡೆದು ಹತ್ತು ನಿಮಿಷ ಕಾಯುವುದು ಬರೀ ಸಮಾಧಾನಕ್ಕೆ. ಗ್ಯಾಸ್ ಬತ್ತಿಯಿಂದ ಕಾಯಿಸುವ ಸಲಹೆ ಕೊಡುವವರು ಸಿಗುತ್ತಾರೆ. ಬ್ರೇಕ್ ಪೈಪ್, ರಬ್ಬರ್ ಬುಶ್, ಈಗಷ್ಟೇ ಸುರಿದ ಸ್ಪ್ರೇ, ಎಲ್ಲವೂ ಒಂದು ಗೇಣಿನೊಳಗಿವೆ. ನಾನು ಕಾಯಿಸಲಿಲ್ಲ.

ನಟ್ಟು ತಿರುಗಿಸುವ ಮೊದಲು ಹೊರಗೆ ಕಾಣುವ ಎಳೆಗಳ ಓರೆ ಯಾವ ಕಡೆಗಿದೆ ಎಂದು ನೋಡಿ. ಹಳೆಯ ಕಾರುಗಳಲ್ಲಿ ಕೆಲವು ಕಡೆ ಎಡಮುರಿ ಎಳೆಯಿರುವುದುಂಟು. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿಯುತ್ತ ಹೋಗಿ ಬೋಲ್ಟು ಮುರಿದವರಿದ್ದಾರೆ.

ಇನ್ನು ಆಧಾರ. ನಮ್ಮ ಅಂಗಳಗಳಲ್ಲಿ ಕೆಂಪು ಕಲ್ಲಿಗೆ, ಅಂದರೆ ಮುರಕಲ್ಲಿಗೆ, ಕೊರತೆಯಿಲ್ಲ, ನಾಲ್ಕು ಪೇರಿಸಿ ಕಾರು ನಿಲ್ಲಿಸೋಣ ಎನಿಸುತ್ತದೆ. ದಯವಿಟ್ಟು ಬೇಡ. ಮುರಕಲ್ಲು ಗೋಡೆಯಲ್ಲಿ ಸಮನಾಗಿ ಹರಡಿದ ಭಾರ ಹೊರುತ್ತದೆ. ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಯಾವ ಸೂಚನೆಯೂ ಇಲ್ಲದೆ ಒಡೆಯುತ್ತದೆ, ನೆನೆದ ಕಲ್ಲಂತೂ ಇನ್ನೂ ಬೇಗ. ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ಎರಡು ಕೊಳ್ಳಿ. ಮಳೆಗಾಲದ ಮಣ್ಣಿನಲ್ಲಿ ಅದೂ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಹಾಕಿ. ಹಿಂಚಕ್ರಗಳಿಗೆ ಮುಂದೆ, ಹಿಂದೆ ಅಡ್ಡಗಟ್ಟೆ. ಆಮೇಲೆ ಕಾರನ್ನು ಬದಿಯಿಂದ ಚೆನ್ನಾಗಿ ತಳ್ಳಿ ನೋಡಿ. ಬೀಳುವುದಿದ್ದರೆ ನೀವು ಅಡಿಗೆ ಹೋಗುವ ಮೊದಲೇ ಬೀಳಲಿ.

ಬಿಚ್ಚುವ ಕ್ರಮ

ಚಾಸಿಸ್ ಸ್ಟ್ಯಾಂಡಿನ ಮೇಲೆ, ಚಕ್ರ ಹೊರಗೆ, ಡ್ರಮ್ಮು ಹೊರಗೆ. ಒಳಗಿನ ಪುಡಿಯನ್ನು ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಬ್ರೇಕ್ ತಟ್ಟೆಯನ್ನು ಸ್ಟಬ್ ಆಕ್ಸಲ್‌ನಿಂದ ಬಿಡಿಸಿ, ತಂತಿಯಲ್ಲಿ ಮೇಲಕ್ಕೆ ತೂಗುಹಾಕಿದರೆ ಬ್ರೇಕ್ ಪೈಪ್ ಬಿಚ್ಚಬೇಕಾಗಿಲ್ಲ, ಗಾಳಿ ತೆಗೆಯುವ ಕೆಲಸವೂ ಉಳಿಯುತ್ತದೆ. ಪೈಪಿನಿಂದಲೇ ನೇತಾಡಲು ಬಿಟ್ಟರೆ ಪೈಪ್ ಒಳಗೊಳಗೇ ಹರಿಯುತ್ತದೆ. ಈ ಹಂತದಲ್ಲಿ ಯಾರೂ ಬ್ರೇಕ್ ಒತ್ತಬಾರದು, ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರುತ್ತದೆ. ಭಾವನಿಗೆ ಒಮ್ಮೆ ಬ್ರೇಕ್ ಒತ್ತಲು ಹೇಳಿದ್ದೆನಲ್ಲ, ಮರುದಿನ ತಾವಾಗಿಯೇ ಬಂದು ಸೀಟಿನಲ್ಲಿ ಕುಳಿತರು. ಬಾಗಿಲಿಗೆ ಹಗ್ಗ ಕಟ್ಟಿದೆ.

ಟೈ ರಾಡ್ ಎಂಡ್ ಬಿಡಿಸಲು ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು ನಟ್ಟನ್ನು ಎರಡು ಎಳೆ ಉಳಿಯುವಷ್ಟು ಸಡಿಲಿಸಿ. ಬೋಲ್ಟಿನ ತುದಿಗೆ ಹೊಡೆಯುವುದು ಎಲ್ಲರೂ ಮಾಡುವ ತಪ್ಪು, ಎಳೆ ಅಣಬೆಯಂತೆ ಅರಳುತ್ತದೆ. ಅದು ಕುಳಿತಿರುವ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಒತ್ತಿಹಿಡಿದು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಬಲವಾಗಿ ಹೊಡೆಯಿರಿ. ತುದಿಯತ್ತ ಸಪೂರವಾಗುವ ಆ ಪಿನ್ನು ಮೂರು ನಾಲ್ಕು ಏಟಿಗೆ ‘ಟಪ್’ ಎಂದು ಬಿಟ್ಟುಕೊಡುತ್ತದೆ. ನಟ್ಟು ಉಳಿಸಿರುವುದರಿಂದ ಕಾಲ ಮೇಲೆ ಬೀಳುವುದಿಲ್ಲ.

ಈಗ ಅಪಾಯದ ಭಾಗ. ನೆಟ್ಟಗಿನ ತುಂಡು ಎರಡು ಆರ್ಮ್‌ಗಳನ್ನು ಕಟ್ಟಿಹಾಕಿರುವ ಕೀಲಿ. ಅದನ್ನು ಬಿಡಿಸಿದರೆ ಸ್ಪ್ರಿಂಗ್ ಕೆಳಗಿನ ಆರ್ಮನ್ನು ನೆಲಕ್ಕೆ ಅಪ್ಪಳಿಸಬಲ್ಲದು. ಕೈ ನಡುವೆ ಸಿಕ್ಕರೆ ಕೈ ಉಳಿಯುವುದಿಲ್ಲ. ಹಾಗಾಗಿ ಬಿಡಿಸುವ ಮೊದಲು ಕೆಳಗಿನ ಆರ್ಮ್ ಅಡಿಗೆ ಜಾಕಿ ಕೊಟ್ಟು ಸ್ವಲ್ಪ ಎತ್ತಿ, ಸ್ಪ್ರಿಂಗಿಗೆ ಅದನ್ನು ಅದುಮಿ ಹಿಡಿಯುವ ಕಂಪ್ರೆಸರ್‌ನ ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ ಬಿಗಿಯಿರಿ. ಹೈಡ್ರಾಲಿಕ್ ಜಾಕಿ ರಾತ್ರಿಯೊಳಗೆ ನಿಧಾನವಾಗಿ ಇಳಿಯುತ್ತದೆ, ಅದರ ಪಕ್ಕ ಇನ್ನೊಂದು ಸ್ಟ್ಯಾಂಡ್ ಇರಲಿ. ಶಾಕ್ ಅಬ್ಸಾರ್ಬರನ್ನು ಮುಟ್ಟಬೇಡಿ. ಸ್ಪ್ರಿಂಗ್ ಮುರಿದಿಲ್ಲವಾದರೆ ಅದನ್ನು ಹೊರಗೆ ತೆಗೆಯುವ ಅಗತ್ಯವೇ ಇಲ್ಲ. ಕಂಪ್ರೆಸರ್ ಇಲ್ಲದೆ ಹಗ್ಗ, ಸರಪಳಿಗಳಲ್ಲಿ ಸುಧಾರಿಸುವ ಯೋಚನೆಯಿದ್ದರೆ ಈ ಕೆಲಸವನ್ನು ಗ್ಯಾರೇಜಿಗೆ ಬಿಡಿ.

ಬಿಚ್ಚಿದ ವಾಷರು, ಶಿಮ್ಮು (ಸಂದು ತುಂಬುವ ತೆಳು ತಗಡು), ನಟ್ಟುಗಳನ್ನು ಡಬ್ಬಿಗೆ ಸುರಿಯಬೇಡಿ. ನಾನು ತೆಂಗಿನ ಗರಿಯ ಕಡ್ಡಿಗೆ ಬಂದ ಕ್ರಮದಲ್ಲೇ ಪೋಣಿಸಿ ತುದಿ ಮಡಚಿದೆ. ಮೇಲಿನ ಆರ್ಮಿಗೊಂದು, ಕೆಳಗಿನದಕ್ಕೊಂದು ಕಡ್ಡಿ. ಆರ್ಮ್‌ನ ಒಳತುದಿ ಬಿಚ್ಚುವವರು ಶಿಮ್ ಪಟ್ಟಿಗಳನ್ನು ಎಣಿಸಿ, ಯಾವುದು ಮುಂದಿನ ಬೋಲ್ಟಿನದು, ಯಾವುದು ಹಿಂದಿನದು ಎಂದು ಬರೆದಿಡಲೇಬೇಕು. ಚಕ್ರ ಎಷ್ಟು ಓರೆಯಾಗಿ ನಿಲ್ಲಬೇಕೆಂಬುದು ಆ ತೆಳು ತಗಡುಗಳಲ್ಲಿದೆ.

ನೆಟ್ಟಗಿನ ತುಂಡು, ಕಿಂಗ್‌ಪಿನ್, ಸ್ಟಬ್ ಆಕ್ಸಲ್ ಒಟ್ಟಾಗಿ ಕೈಗೆ ಬಂದವು. ಇಲ್ಲಿಗೆ ಅಂಗಳದ ಕೆಲಸ ಮುಗಿಯಿತು. ಕಿಂಗ್‌ಪಿನ್ನನ್ನು ಸುತ್ತಿಗೆಯಿಂದ ಹೊಡೆದು ತೆಗೆಯುವ ಹುಮ್ಮಸ್ಸು ಬರುತ್ತದೆ. ಹೊಡೆದರೆ ತುದಿ ಊದಿಕೊಂಡು ಇನ್ನಷ್ಟು ಕಚ್ಚುತ್ತದೆ. ಲೇತ್ ಅಂಗಡಿಯಲ್ಲಿ ಪ್ರೆಸ್ ಇರುತ್ತದೆ. ಹೊಸ ಬುಶ್ ಒತ್ತಿದ ಮೇಲೆ ಕಿಂಗ್‌ಪಿನ್ನಿನ ಅಳತೆಗೆ ಸರಿಯಾಗಿ ರೀಮರ್ ಹಾಕಿ ಒಳರಂಧ್ರ ಕೊರೆಯಬೇಕು, ಮೇಲಿನ ಮತ್ತು ಕೆಳಗಿನ ಬುಶ್ ಒಂದೇ ಗೆರೆಯಲ್ಲಿ ಬರಬೇಕು. ಬುಶ್ಶಿನ ಗ್ರೀಸ್ ರಂಧ್ರ ನಿಪ್ಪಲ್ಲಿನ ರಂಧ್ರಕ್ಕೆ ನೇರವಾಗಿದೆಯೇ ಎಂದು ಒತ್ತುವ ಮೊದಲೇ ಎದುರು ನಿಂತು ನೋಡಿ. ಬುಶ್ ಅಡ್ಡ ತಿರುಗಿ ಕೂತರೆ ಹೊಸ ನಿಪ್ಪಲ್ಲೂ ಹಳೆಯ ಕಥೆಯನ್ನೇ ಹೇಳುತ್ತದೆ. ನಾನು ಮಂಗಳೂರಿನ ಯೆಯ್ಯಾಡಿಯ ಒಂದು ಲೇತಿನಲ್ಲಿ ಮಾಡಿಸಿದೆ. ತೆಗೆದ ಹಳೆಯ ಬುಶ್ ಒಂದು ಬದಿಯಲ್ಲಿ ಕಾಗದದಷ್ಟು ತೆಳುವಾಗಿತ್ತು.

ಕಿಂಗ್‌ಪಿನ್ ಕಿಟ್ಟಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೂ ವಿಚಾರಿಸಬೇಕಾಯಿತು. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು ಓಡುವಷ್ಟು ಕಾಲ ಬಿಡಿಭಾಗಗಳಿಗೆ ಗಿರಾಕಿಗಳಿದ್ದರು. 2023ರ ಅಕ್ಟೋಬರ್‌ನಲ್ಲಿ ಆ ಟ್ಯಾಕ್ಸಿಗಳ ಓಟವೂ ಮುಗಿಯಿತು. ಸಿಕ್ಕಿದಾಗ ಎರಡೂ ಬದಿಗೆ ಆಗುವಷ್ಟು ಕೊಂಡಿಡುವುದು ಒಳ್ಳೆಯದು.

ಮತ್ತೆ ಜೋಡಿಸುವಾಗ

ಉಜ್ಜಿ ಹೊಳಪಿಸಿಟ್ಟ ಉಕ್ಕು ಆಟಿಯ ಒಂದೇ ರಾತ್ರಿಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಜೋಡಿಸುವವರೆಗೆ ಎಲ್ಲಕ್ಕೂ ಗ್ರೀಸ್ ಸವರಿ ಕಾಗದ ಸುತ್ತಿಡಿ.

ಜೋಡಣೆ ಬಿಚ್ಚಿದ ಕ್ರಮದ ತಿರುಗುಮುರುಗು, ಒಂದು ವಿಷಯ ಬಿಟ್ಟು. ಆರ್ಮ್‌ಗಳ ರಬ್ಬರ್ ಬುಶ್ ಹಾದುಹೋಗುವ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಈ ಬುಶ್‌ಗಳಲ್ಲಿ ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ನೇತಾಡುವಾಗ ಬಿಗಿದರೆ ಅದೇ ಅದರ ವಿಶ್ರಾಂತಿಯ ಭಂಗಿಯಾಗುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದ ಹಗಲೂ ರಾತ್ರಿ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಕಾರನ್ನು ಚಕ್ರದ ಮೇಲೆ ಇಳಿಸಿ, ಮೂತಿಯನ್ನು ನಾಲ್ಕು ಸಲ ಅದುಮಿ ಕೂರಿಸಿ, ಆಮೇಲೆ ಬಿಗಿಯಿರಿ. ಹೊಸ ಬುಶ್ ಆರೇ ತಿಂಗಳಲ್ಲಿ ಹೋಯಿತು, ಮಾಲು ಕಳಪೆ ಎಂದು ದೂರುವ ಮುನ್ನ ಅದನ್ನು ಹೇಗೆ ಬಿಗಿದಿದ್ದರು ಎಂದು ಕೇಳಿ.

ಸ್ಪ್ಲಿಟ್ ಪಿನ್‌ಗಳೆಲ್ಲ ಹೊಸವೇ ಇರಲಿ. ಚಕ್ರ ಹಾಕುವ ಮೊದಲು ಬ್ರೇಕ್ ಪೈಪ್ ಎಲ್ಲೂ ತಿರುಚಿಲ್ಲ ಎಂದು, ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಮೊದಲ ಓಟ ಊರೊಳಗೆ, ನಿಧಾನ. ಅದು ಮುಗಿದ ಕೂಡಲೇ ವೀಲ್ ಅಲೈನ್‌ಮೆಂಟ್. ಯಂತ್ರದ ಪಟ್ಟಿಯಲ್ಲಿ ಪದ್ಮಿನಿ ಇಲ್ಲ ಎನ್ನುವವರಿದ್ದಾರೆ. ಕಾರಿನ ಕೈಪಿಡಿಯ ಅಳತೆಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಹೋಗಿ ಕೊಡಿ.

ಐನೂರು ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ಟುಗಳನ್ನೂ ಒಮ್ಮೆ ಸ್ಪ್ಯಾನರ್ ಹಚ್ಚಿ ನೋಡಬೇಕು. ನನ್ನ ಕಾರಿನಲ್ಲಿ ಬ್ರೇಕ್ ತಟ್ಟೆಯ ಒಂದು ಬೋಲ್ಟು ಕಾಲು ಸುತ್ತು ತಿರುಗಿತು. ಕಟಪಾಡಿಯ ಉಬ್ಬಿನಲ್ಲಿ ಈಗ ಅಡಕತ್ತರಿಯ ಸದ್ದಿಲ್ಲ. ಅದು ಹೋದ ಮೇಲೆ ಬಲಗಡೆಯ ಹಿಂಬಾಗಿಲಿನ ಗಾಜು ಗಡಗಡ ಎನ್ನುವುದು ಕೇಳಿಸತೊಡಗಿದೆ.